ಟಾಕಿ ತೊಳೆಯುವ ಹುಡುಗನಿಗೆ

ತಮ್ಮಾ, ಗ್ಯಾರೇಜಿಗೆ ಹೊಸದಾಗಿ ಸೇರಿದ ಹುಡುಗನ ಕೈಗೆ ಏನೇನು ಕೆಲಸ ಬೀಳುತ್ತದೆ ಎಂಬುದು ನಿನಗೆ ಈಗಾಗಲೇ ತಿಳಿದಿರಬೇಕು. ಚಹಾ ತರುವುದು, ಪಾನಾ ಹುಡುಕಿ ಕೊಡುವುದು, ನೆಲಕ್ಕೆ ಚೆಲ್ಲಿದ ಎಣ್ಣೆಯ ಮೇಲೆ ಮಣ್ಣು ಹಾಕಿ ಗುಡಿಸುವುದು, ಜೊತೆಗೆ ಹಳೇ ಟಾಕಿ ತೊಳೆಯುವುದು. ಮೊದಲ ಮೂರಕ್ಕೆ ನನ್ನ ತಕರಾರಿಲ್ಲ. ನಾಲ್ಕನೆಯದರ ಬಗ್ಗೆ ಮಾತ್ರ ನಿನ್ನನ್ನು ಕೂಡಿಸಿಕೊಂಡು ಹೇಳಬೇಕಾದ್ದಿದೆ. ಡೀಸೆಲ್, ಪೆಟ್ರೋಲ್, ಘಾಸಲೇಟು ತುಂಬಿದ್ದ ಟಾಕಿಯ ತಳದ ಗಸಿ ತೆಗೆಯುವುದು, ಒಳಗಿನ ಜಂಗು ಉದುರಿಸುವುದು ಹೊಲಸು ಕೆಲಸವೆಂದು ಎಲ್ಲರಿಗಿಂತ ಕಿರಿಯವನ ಪಾಲಿಗೆ ಬಿಡುತ್ತಾರೆ. ಗ್ಯಾರೇಜಿನಲ್ಲಿ ಅದಕ್ಕಿಂತ ಅಪಾಯದ ಕೆಲಸ ಕಡಿಮೆ. ಹಾಗಾಗಿ ಅದು ಎಲ್ಲರಿಗಿಂತ ಬಲ್ಲ ಉಸ್ತಾದನ ಕೆಲಸವಾಗಬೇಕು. ಮುಂದೆ ನಾನು ಹೇಳುವುದೆಲ್ಲ ಈ ಒಂದು ಮಾತಿಗೆ ಕಾರಣ ಕೊಡುವುದಕ್ಕಾಗಿ.

ನಮ್ಮ ಕಡೆ ಈ ಕೆಲಸಕ್ಕೆ ಬರಗಾಲವಿಲ್ಲ. ಪುಣೆಯಿಂದ ಸೊಲ್ಲಾಪುರದ ಮೇಲೆ ಹೈದರಾಬಾದಿಗೆ ಹೋಗುವ ಹೆದ್ದಾರಿ, ಹಿಂದೆ 9 ಎನ್ನುತ್ತಿದ್ದೆವು, ಈಗ 65, ಬಸವಕಲ್ಯಾಣದ ಪಕ್ಕದ ಸಸ್ತಾಪುರ ಬಂಗ್ಲಾ ದಾಟಿ ಹುಮನಾಬಾದಿಗೆ ಬರುತ್ತದೆ. ಅಲ್ಲಿ ಬೀದರದಿಂದ ಕಲಬುರಗಿಗೆ ಇಳಿಯುವ 50ನೇ ಹೆದ್ದಾರಿ ಅದನ್ನು ಕೂಡುತ್ತದೆ. ಎರಡು ದೊಡ್ಡ ರಸ್ತೆ ಕೂಡಿದ ಮೇಲೆ ಲಾರಿಗೇನು ಕಮ್ಮಿ? ದುರಸ್ತಿಗೂ ಬಾಡಿ ಕಟ್ಟುವುದಕ್ಕೂ ಬಸವಕಲ್ಯಾಣದ ಆಟೋನಗರವನ್ನು ನೆನೆಸುವ ಡ್ರೈವರುಗಳು ಮಹಾರಾಷ್ಟ್ರದಲ್ಲೂ ಇದ್ದಾರೆ, ತೆಲಂಗಾಣದಲ್ಲೂ ಇದ್ದಾರೆ. ಸೋರುವ ಡೀಸೆಲ್ ಟಾಕಿ, ಗುಜರಿ ಅಂಗಡಿಯಿಂದ ತಂದ ಬ್ಯಾರಲ್ಲು, ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಬುಲೆಟ್ ಗಾಡಿಯ ಟಾಕಿ, ಹೊಲದ ಮೋಟರಿಗೆ ಎಣ್ಣೆ ಒಯ್ಯುವ ಕ್ಯಾನು, ಎಲ್ಲವೂ ಒಂದಲ್ಲ ಒಂದು ದಿನ ನಿನ್ನ ಮುಂದೆ ಬಂದು ಕೂಡುತ್ತವೆ. ತಂದವನು ಹೇಳುವುದು ಒಂದೇ ಮಾತು: “ಖಾಲಿ ಅದ ಕಾಕಾ, ಒಂದ್ ಟಾಕಾ ಹೊಡದ್ ಕೊಡ್ರಿ, ಲಗೂನ ಹೋಗ್ಬೇಕು.”

ಖಾಲಿ ಎನ್ನುವ ಆ ಮಾತನ್ನು ನಂಬಬೇಡ. ತುಂಬಿದ ಟಾಕಿಗಿಂತ ಖಾಲಿ ಟಾಕಿಗೆ ಹೆಚ್ಚು ಅಂಜಬೇಕು. ಪೆಟ್ರೋಲು ದ್ರವ ರೂಪದಲ್ಲಿ ಉರಿಯುವುದಿಲ್ಲ, ಅದರ ಆವಿ ಗಾಳಿಯ ಜೊತೆ ಬೆರೆತಾಗ ಉರಿಯುತ್ತದೆ. ಗಾಳಿಯಲ್ಲಿ ಆ ಆವಿ ನೂರಕ್ಕೆ ಸುಮಾರು 1.4ರಿಂದ 7.6 ಪಾಲು ಇದ್ದರೆ ಕಿಡಿ ಬಿದ್ದೊಡನೆ ಸಿಡಿಯುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಉರಿಯಲು ಗಾಳಿ ಸಾಲದು, ಕಡಿಮೆಯಿದ್ದರೆ ಎಣ್ಣೆ ಸಾಲದು. ಬಗ್ಗಿಸಿ ಬರಿದು ಮಾಡಿದ ಬ್ಯಾರಲ್ಲಿನಲ್ಲಿ ಆವಿ ಸರಿಯಾಗಿ ಆ ನಡುವಿನ ಅಳತೆಗೆ ಬಂದು ನಿಂತಿರಬಹುದು. ಲೆಕ್ಕ ಹಾಕಿ ನೋಡು: 200 ಲೀಟರಿನ ಬ್ಯಾರಲ್ಲು ಸಿಡಿಯುವ ಹದಕ್ಕೆ ಬರಲು ಎರಡು ಮೂರು ಟೀ ಚಮಚ ಪೆಟ್ರೋಲು ಆವಿಯಾದರೆ ಸಾಕು. ಅಷ್ಟು ಎಣ್ಣೆ ಬ್ಯಾರಲ್ಲಿನ ಅಂಚಿನ ಮಡಿಕೆಯಲ್ಲೇ ಅಂಟಿಕೊಂಡಿರುತ್ತದೆ, ಟಾರ್ಚ್ ಹಿಡಿದು ಇಣುಕಿದರೂ ಕಾಣುವುದಿಲ್ಲ. ಇನ್ನು ಮುಚ್ಚಳದ ಲೆಕ್ಕ. ಅದರ ಅಗಲ ಸುಮಾರು 57 ಸೆಂಟಿಮೀಟರು. ಒಳಗಿನ ಒತ್ತಡ ಹೊರಗಿನ ಗಾಳಿಯ ಎರಡರಷ್ಟಾದರೆ ಸಾಕು, ಮುಚ್ಚಳದ ಮೇಲೆ ಎರಡೂವರೆ ಟನ್ನಿನ ನೂಕು ಬೀಳುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಹೊತ್ತಿದ ಆವಿ ಅದಕ್ಕಿಂತ ಹಲವು ಪಟ್ಟು ಒತ್ತಡ ಹುಟ್ಟಿಸಬಲ್ಲದು. ಮುಚ್ಚಳ ಹಾರುವ ದಿಕ್ಕಿನಲ್ಲಿ ವೆಲ್ಡಿಂಗ್ ಮಾಡುವವನ ಎದೆ ಇರುತ್ತದೆ.

ಪೆಟ್ರೋಲಿಗೆ ಅಂಜುವವರೂ ಡೀಸೆಲಿಗೆ ಅಂಜುವುದಿಲ್ಲ. ಬೆಂಕಿಕಡ್ಡಿ ಗೀರಿ ಡೀಸೆಲಿಗೆ ಎಸೆದರೆ ಆರಿಹೋಗುತ್ತದೆ ಎಂದು ತೋರಿಸಿ ಹುಡುಗರ ಮುಂದೆ ಪೌರುಷ ಮೆರೆಯುವವರನ್ನು ನೀನೂ ನೋಡುತ್ತೀ. ಅವರಿಗೆ ಗೊತ್ತಿಲ್ಲದ್ದು ಇಷ್ಟು: ಡೀಸೆಲು ಹೊತ್ತಿಕೊಳ್ಳುವಷ್ಟು ಆವಿ ಬಿಡುವ ಶಾಖಕ್ಕೆ ನಮ್ಮ ದೇಶದ ಮಾನಕ ಹಾಕಿದ ಕೆಳಗಿನ ಮಿತಿ, ಏಬೆಲ್ ಎಂಬ ಪರೀಕ್ಷೆಯ ಪ್ರಕಾರ, 35 ಡಿಗ್ರಿ. ಬೀದರ ಜಿಲ್ಲೆಯ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ನೆರಳಿನಲ್ಲೇ 40 ಮುಟ್ಟುತ್ತದೆ. ಬಿಸಿಲಿಗೆ ನಿಂತ ಕಬ್ಬಿಣದ ಟಾಕಿಯ ಮೈ ಕೈ ಇಡಲಾರದಷ್ಟು ಕಾಯುತ್ತದೆ. ಅದರ ಮೇಲೆ ಗ್ಯಾಸ್ ಕಟ್ಟರಿನ ಉರಿ ಹಿಡಿದರೆ ತಳದ ಗಸಿ ಕುದ್ದು ಹೊಗೆಯಾಗಿ ಏಳುತ್ತದೆ, ಮತ್ತು ಅದೇ ಉರಿ ಅದಕ್ಕೆ ಬೆಂಕಿಯನ್ನೂ ಕೊಡುತ್ತದೆ. ಡೀಸೆಲು ಶಾಂತ ಅನ್ನುವುದು ಥಂಡಿ ದಿನದ ಮಾತು, ಅದೂ ಬೆಂಕಿ ಹತ್ತಿರ ಬಾರದಿದ್ದಾಗ.

ಟಾಕಿಗೆ ಕೈ ಹಚ್ಚುವ ಮೊದಲು ಅದರಲ್ಲಿ ಏನಿತ್ತು ಎಂದು ಕೇಳು. ತಂದವನು ತಡವರಿಸಿದರೆ ಇನ್ನೊಮ್ಮೆ ಕೇಳು. ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕದ, ಔಷಧದ ಘಟಕಗಳಿವೆ. ಇಂಥ ಕಡೆ ಡ್ರಮ್ಮುಗಳು ಕೈಯಿಂದ ಕೈಗೆ ದಾಟುತ್ತವೆ, ದಾಟುವಾಗ ಮೇಲಿನ ಚೀಟಿ ಹರಿದುಹೋಗುತ್ತದೆ. ಚೀಟಿಯಿಲ್ಲದ, ಮೂಗಿಗೆ ಗುರುತು ಸಿಗದ ವಾಸನೆಯ ಡ್ರಮ್ಮು ನಿನ್ನ ಕೆಲಸವಲ್ಲ. ಅದಕ್ಕೆ ನೀರು ಹಾಕಿದರೆ ಏನಾಗುತ್ತದೆ, ಹುಳಿ, ಅಂದರೆ ಆಸಿಡ್, ಹಾಕಿದರೆ ಏನಾಗುತ್ತದೆ ಎಂದು ಹೇಳಬಲ್ಲವರು ಆಟೋನಗರದಲ್ಲಿ ಯಾರೂ ಇಲ್ಲ. ವಾಪಸ್ ಕಳಿಸು. ಕ್ರಿಮಿನಾಶಕದ ಡಬ್ಬಕ್ಕೂ ಅದೇ ಮಾತು. ತೀರಾ ಹಳೇ ಪೆಟ್ರೋಲ್ ಟಾಕಿಯ ವಿಷಯದಲ್ಲಿ ಇನ್ನೊಂದು ಎಚ್ಚರ ಇರಲಿ: ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲು ಪೂರ್ತಿ ನಿಂತದ್ದು 2000ನೇ ಇಸವಿಯ ಫೆಬ್ರವರಿಯಲ್ಲಿ. ಅದಕ್ಕೂ ಹಿಂದಿನ ಗಾಡಿಯ ತಳದಲ್ಲಿ ಕೂತ ಗಸಿಯಲ್ಲಿ ಸೀಸ ಇರಬಹುದು, ಆ ಕಾಲದ ಎಷ್ಟೋ ಟಾಕಿಗಳ ಒಳಮೈಗೆ ಸೀಸ ತವರದ ಲೇಪವೂ ಇತ್ತು. ಒಣಗಿದ ಗಸಿ ಕೆರೆದು ಧೂಳೆಬ್ಬಿಸಬೇಡ. ಒದ್ದೆ ಮಾಡಿಯೇ ತೆಗೆ, ತೆಗೆದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯದೆ ಊಟಕ್ಕೆ ಕೂಡಬೇಡ.

ಉಳಿದ ಎಣ್ಣೆ ತೆಗೆಯುವಾಗ ಬ್ಯಾಟರಿಯ ತಂತಿ ಬಿಚ್ಚು. ಟಾಕಿಯನ್ನು ಗಾಡಿಯಿಂದ ಕಳಚಿ ಬಯಲಿಗೆ, ನೆರಳಿಗೆ ಒಯ್ಯಿ. ಎಣ್ಣೆಯ ಆವಿ ಗಾಳಿಗಿಂತ ಭಾರ. ಅದು ಮೇಲಕ್ಕೆ ಹಾರಿಹೋಗುವುದಿಲ್ಲ, ನೆಲ ಹಿಡಿದು ಹರಿಯುತ್ತದೆ, ಗುಂಡಿಯಲ್ಲಿ, ಗಾಡಿಯ ಕೆಳಗೆ ನಿಂತು ಕೆಲಸ ಮಾಡುವ ಪಿಟ್ಟಿನಲ್ಲಿ ತುಂಬಿಕೊಳ್ಳುತ್ತದೆ. ದೂರದಲ್ಲಿ ಚಹಾದ ಒಲೆ ಉರಿಯುತ್ತಿದ್ದರೆ ಅಲ್ಲಿಯವರೆಗೂ ಹೋಗಿ ಬೆಂಕಿಯನ್ನು ಕರೆದುಕೊಂಡು ಬರುತ್ತದೆ. ಬೀಡಿ ಸೇದುವವರನ್ನು ಮುಲಾಜಿಲ್ಲದೆ ಎಬ್ಬಿಸಿ ಕಳಿಸು, ಅವರು ನಿನಗಿಂತ ಹಿರಿಯರಾದರೂ ಸರಿ. ಪೆಟ್ರೋಲನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿಯಬೇಡ, ಸುರಿಯುವ ರಭಸಕ್ಕೇ ವಿದ್ಯುತ್ತು ಹುಟ್ಟಿ ಕಿಡಿ ಹಾರಬಹುದು. ಲೋಹದ ಪಾತ್ರೆ ಇಡು, ಟಾಕಿಗೂ ಪಾತ್ರೆಗೂ ಒಂದು ತಂತಿ ಬಿಗಿ. ಇನ್ನು ನಳಿಗೆ ಹಚ್ಚಿ ಬಾಯಿಂದ ಎಳೆಯುವ ಚಟ. ಹಳ್ಳಿಯಲ್ಲಿ, ಗ್ಯಾರೇಜಿನಲ್ಲಿ ಇದನ್ನು ಮಾಡದವರೇ ಕಡಿಮೆ. ಒಂದು ಗುಟುಕು ಹೊಟ್ಟೆಗೆ ಹೋದರೆ ಆಗುವ ಕೇಡಿಗಿಂತ ನಾಲ್ಕು ಹನಿ ಶ್ವಾಸಕೋಶಕ್ಕೆ ಇಳಿದರೆ ಆಗುವ ಕೇಡು ದೊಡ್ಡದು. ಯಾರಾದರೂ ನುಂಗಿಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ವಾಂತಿಯ ಜೊತೆ ಎಣ್ಣೆ ಮೇಲೆ ಬಂದು ಶ್ವಾಸನಾಳ ಹೊಗಬಹುದು. ಸೀದಾ ದವಾಖಾನೆಗೆ ಒಯ್ಯಿರಿ. ಎಣ್ಣೆ ಎಳೆಯುವ ಕೈಪಂಪು ದುಬಾರಿಯ ಸಾಮಾನಲ್ಲ, ಮಾಲೀಕನಿಗೆ ಹೇಳಿ ತರಿಸಿಕೋ.

ಗಸಿ ಹೇಗೆ ಹುಟ್ಟುತ್ತದೆ ಎಂದು ತಿಳಿದುಕೊಂಡರೆ ಅದನ್ನು ತೆಗೆಯುವ ದಾರಿ ತಾನಾಗಿ ಹೊಳೆಯುತ್ತದೆ. ಅರ್ಧ ತುಂಬಿದ ಟಾಕಿ ಹಗಲು ಕಾದು ಗಾಳಿ ಹೊರಗೆ ಬಿಡುತ್ತದೆ, ರಾತ್ರಿ ತಣಿದು ಹೊರಗಿನ ತೇವದ ಗಾಳಿ ಒಳಗೆಳೆದುಕೊಳ್ಳುತ್ತದೆ. ಆ ತೇವ ಒಳಗೋಡೆಯ ಮೇಲೆ ಹನಿಯಾಗಿ ಕೆಳಗಿಳಿಯುತ್ತದೆ. ಡೀಸೆಲು ನೀರಿಗಿಂತ ಹಗುರ, ಆದ್ದರಿಂದ ನೀರು ತಳ ಸೇರುತ್ತದೆ. ಎಣ್ಣೆಯೂ ನೀರೂ ಕೂಡುವ ಆ ಗೆರೆಯಲ್ಲಿ ಬೂಷ್ಟು, ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಎಣ್ಣೆಯೇ ಅವುಗಳ ಊಟ, ನೀರೇ ಅವುಗಳ ಮನೆ. ಅವು ಬಿಡುವ ಹುಳಿ ಕಬ್ಬಿಣವನ್ನು ತಿನ್ನುತ್ತದೆ, ಅವುಗಳ ಲೋಳೆ ಫಿಲ್ಟರನ್ನು ಕಟ್ಟುತ್ತದೆ. ಫಿಲ್ಟರು ಪದೇ ಪದೇ ಕಟ್ಟುತ್ತದೆ ಎಂದು ಗಿರಾಕಿ ಬಂದರೆ ಬರೀ ಫಿಲ್ಟರು ಬದಲಿಸಿ ಕಳಿಸುವುದು ಕಸುಬಲ್ಲ. ತಳದ ಬೋಲ್ಟು ಬಿಚ್ಚಿ ಏನು ಬೀಳುತ್ತದೆ ನೋಡು. ಕಪ್ಪು ಲೋಳೆ ಬಿದ್ದರೆ ಅದು ಬೂಷ್ಟಿನ ಕೆಲಸ, ಕೆಂಪು ಪುಡಿ ಬಿದ್ದರೆ ಜಂಗು, ನೀರು ಬಿದ್ದರೆ ಎರಡಕ್ಕೂ ಅದೇ ಮೂಲ. ಪೆಟ್ರೋಲ್ ಗಾಡಿಗಳಲ್ಲಿ ಈಗ ಇನ್ನೊಂದು ಕಾರಣ ಸೇರಿದೆ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲು ಬಂಕುಗಳಿಗೆ ಬಂದಿದೆ. ಎಥನಾಲು ನೀರನ್ನು ಹೀರಿಕೊಳ್ಳುತ್ತದೆ, ನೀರು ಹೆಚ್ಚಾದರೆ ಅದರ ಜೊತೆಗೇ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಹಳೇ ಟಾಕಿಯ ಗೋಡೆಗೆ ಅಂಟಿದ್ದ ಜಿಡ್ಡನ್ನೂ ಸಡಿಲಿಸುತ್ತದೆ. ತಿಂಗಳುಗಟ್ಟಲೆ ನಿಂತ ಹಳೇ ಗಾಡಿ ಕೈಕೊಡುವುದು ಅದಕ್ಕೇ.

ಈಗ ತೊಳೆಯುವ ಕ್ರಮ. ಮೊದಲು ಜಿಡ್ಡು ಹೋಗಬೇಕು, ಆಮೇಲೆ ಜಂಗು. ಈ ಕ್ರಮ ತಪ್ಪಿದರೆ ದಿನವಿಡೀ ಕಷ್ಟಪಟ್ಟದ್ದು ವ್ಯರ್ಥ, ಯಾಕೆಂದರೆ ಎಣ್ಣೆಯ ಪದರ ಇರುವತನಕ ಹುಳಿ ಕಬ್ಬಿಣವನ್ನು ಮುಟ್ಟುವುದೇ ಇಲ್ಲ. ಎಣ್ಣೆ ಬಸಿದ ಟಾಕಿಯ ಎಲ್ಲ ಬಾಯಿಗಳನ್ನೂ ತೆಗೆದಿಟ್ಟು ಗಾಳಿಯಾಡಲು ಬಿಡು. ನೀರನ್ನು ತುಳುಕುವವರೆಗೆ ತುಂಬಿಸು, ಒಳಗಿನ ಆವಿ ಹೊರಗೆ ಹೋಗಲೇಬೇಕು. ಆ ನೀರು ಚೆಲ್ಲಿದ ಮೇಲೆ ಬಿಸಿನೀರಿಗೆ ವಾಷಿಂಗ್ ಸೋಡಾ, ಬಟ್ಟೆ ಒಗೆಯುವ ಪುಡಿ ಬೆರೆಸಿ ಹಾಕಿ ನೆನೆಯಲು ಬಿಡು, ಅಲುಗಾಡಿಸು, ಚೆಲ್ಲು, ಮತ್ತೆ ಹಾಕು. ಚೆಲ್ಲಿದ ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆಯ ಹೊಳಪು ಕಾಣುವುದು ನಿಲ್ಲುವವರೆಗೆ ನಿಲ್ಲಿಸಬೇಡ. ಜಿಡ್ಡು ಕರಗಲೆಂದು ಪೆಟ್ರೋಲು ಹಾಕಿ ತೊಳೆಯುವವರಿದ್ದಾರೆ. ಅದು ಬೆಂಕಿಯನ್ನು ಬೆಂಕಿಯಿಂದ ತೊಳೆಯುವ ಬುದ್ಧಿ. ಕಾಸ್ಟಿಕ್ ಸೋಡಾ ತುಂಬ ಚುರುಕು, ಆದರೆ ಅಲ್ಯುಮಿನಿಯಮ್ ಟಾಕಿಗೆ ಅದನ್ನು ಹಾಕಿದೆಯೋ ಲೋಹ ಕರಗಿ ಹೈಡ್ರೋಜನ್ ಅನಿಲ ಏಳುತ್ತದೆ. ಟಾಕಿಗೆ ಅಯಸ್ಕಾಂತ ಹಿಡಿದು ನೋಡಿಯೇ ಮುಂದುವರಿ: ಅಂಟಿದರೆ ಕಬ್ಬಿಣ, ಅಂಟದಿದ್ದರೆ ಕಾಸ್ಟಿಕ್ ದೂರ ಇಡು.

ಜಂಗು ಎಂದರೆ ಕಬ್ಬಿಣ, ಗಾಳಿಯ ಆಮ್ಲಜನಕ, ನೀರು ಮೂರೂ ಸೇರಿ ಆದದ್ದು. ಅದು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ, ಅದಕ್ಕೇ ಪದರ ಪದರವಾಗಿ ಉಬ್ಬಿ ಏಳುತ್ತದೆ. ಸಡಿಲ ಪದರ ಉದುರಿಸಲು ಒಳಗೆ ಸಣ್ಣ ಸರಪಳಿಯನ್ನೋ ನಟ್ಟುಗಳನ್ನೋ ಹಾಕಿ ಅಲ್ಲಾಡಿಸುವ ಪದ್ಧತಿ ಒಳ್ಳೆಯದು, ಆದರೆ ಸೋಪುನೀರು ಹಾಕಿಯೇ ಮಾಡಬೇಕು. ಒಣ ಟಾಕಿಯಲ್ಲಿ ಕಬ್ಬಿಣಕ್ಕೆ ಕಬ್ಬಿಣ ಬಡಿದರೆ ಕಿಡಿ ಏಳುತ್ತದೆ. ನಟ್ಟು ಹಾಕುವಾಗ ಎಣಿಸು, ತೆಗೆಯುವಾಗ ಎಣಿಸು, ಒಂದು ಒಳಗೆ ಉಳಿದರೂ ನಾಳೆ ಅದು ಎಣ್ಣೆಯ ದಾರಿ ಕಟ್ಟುತ್ತದೆ. ಉಜ್ಜಿದ ಮೇಲೂ ಗಟ್ಟಿಯಾಗಿ ಕೂತ ಜಂಗಿಗೆ ಹುಳಿ ಬೇಕು. ಕಿರಾಣಿ ಅಂಗಡಿಯಲ್ಲಿ ನಿಂಬುಸತ್ತು ಎಂದು ಸಿಗುವ ಸಿಟ್ರಿಕ್ ಆಮ್ಲದ ಹರಳು ಲೀಟರ್ ನೀರಿಗೆ 50ರಿಂದ 100 ಗ್ರಾಂ ಸಾಕು. ಬಿಸಿ ನೀರಾದರೆ ಬೇಗ, ತಣ್ಣೀರಾದರೆ ಒಂದು ರಾತ್ರಿ. ಫಾಸ್ಫಾರಿಕ್ ಆಮ್ಲ ಇನ್ನೂ ಒಳ್ಳೆಯದು, ಅದು ಜಂಗನ್ನು ಕರಗಿಸುವುದಲ್ಲದೆ ಕಬ್ಬಿಣದ ಮೇಲೆ ಫಾಸ್ಫೇಟಿನ ತೆಳು ಪದರ ಬಿಡುತ್ತದೆ, ಮುಂದೆ ಬಣ್ಣ ಹಿಡಿಯಲು ಅದು ಅನುಕೂಲ. ಪಾಯಖಾನೆ ತೊಳೆಯುವ ಆಸಿಡ್ ತಂದು ಸುರಿಯುವ ಅವಸರ ಮಾತ್ರ ಬೇಡ. ಅದು ಜಂಗಿನ ಜೊತೆ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ, ತೂತು ಬೀಳಿಸುತ್ತದೆ, ಅದರ ಉಪ್ಪು ಬಿರುಕಿನಲ್ಲಿ ಉಳಿದು ಎರಡೇ ದಿನಕ್ಕೆ ಮತ್ತೆ ಜಂಗು ಬರಿಸುತ್ತದೆ. ಬ್ಲೀಚಿಂಗ್ ಪುಡಿಯ ಜೊತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ಎದೆ ಸುಡುತ್ತದೆ.

ಯಾವ ಆಸಿಡ್ ಆದರೂ ನೀರಿಗೆ ಆಸಿಡ್ ಹಾಕು, ಆಸಿಡಿಗೆ ನೀರು ಹಾಕಬೇಡ. ಹುಳಿ ಹಾಕಿದ ಟಾಕಿಯ ಬಾಯಿ ಬಿಗಿದು ಮುಚ್ಚಬೇಡ, ಹುಳಿಯೂ ಕಬ್ಬಿಣವೂ ಕೂಡಿದಲ್ಲಿ ಹೈಡ್ರೋಜನ್ ಹುಟ್ಟುತ್ತದೆ, ಅದಕ್ಕೂ ಕಿಡಿ ಸಾಕು. ಸತುವಿನ ಲೇಪವಿರುವ ಡ್ರಮ್ಮಿಗೆ ಹುಳಿ ಹಾಕಿದರೆ ಜಂಗಿಗಿಂತ ಮೊದಲು ಲೇಪವೇ ಹೋಗುತ್ತದೆ. ಬ್ಯಾಟರಿ ಚಾರ್ಜರ್ ಹಚ್ಚಿ ಸೋಡಾ ನೀರಿನಲ್ಲಿ ಜಂಗು ಬಿಡಿಸುವ ವಿದ್ಯೆಯೂ ಇದೆ, ಬೆಲೆಬಾಳುವ ಹಳೇ ಬುಲೆಟ್ ಟಾಕಿಗೆ ಅದು ಚೆನ್ನ. ಅಲ್ಲಿ ಎರಡು ನಿಯಮ: ಉಪ್ಪು ಹಾಕಬೇಡ, ಸ್ಟೇನ್‌ಲೆಸ್ ಸ್ಟೀಲಿನ ಪಟ್ಟಿ ಇಳಿಬಿಡಬೇಡ. ಉಪ್ಪಿನಿಂದ ಕ್ಲೋರಿನ್ ಬರುತ್ತದೆ, ಸ್ಟೇನ್‌ಲೆಸ್‌ನಿಂದ ಕ್ಯಾನ್ಸರ್ ತರಬಲ್ಲ ಕ್ರೋಮಿಯಮ್ ನೀರಿಗಿಳಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸು ಇಲ್ಲದೆ ಇದಾವುದನ್ನೂ ಮಾಡಬೇಡ.

ಜಂಗು ಹೋದ ಕಬ್ಬಿಣ ಬೋಳಾಗಿರುತ್ತದೆ. ಒದ್ದೆಯಾಗಿ ಬಿಟ್ಟರೆ ನೀನು ಊಟ ಮಾಡಿ ಬರುವಷ್ಟರಲ್ಲಿ ಕೆಂಪಗಾಗತೊಡಗುತ್ತದೆ. ಹುಳಿ ಚೆಲ್ಲಿದೊಡನೆ ನೀರಿನಿಂದ ಜಾಲಾಡಿಸು, ಉಳಿದ ಹುಳಿ ಸಾಯಲು ತುಸು ಸೋಡಾ ನೀರು ಆಡಿಸು, ಮತ್ತೆ ಶುದ್ಧ ನೀರು, ಆಮೇಲೆ ಬಿಸಿಗಾಳಿ ಬಿಟ್ಟು ಅಥವಾ ನಮ್ಮ ಬಿಸಿಲಿಗೆ ಇಟ್ಟು ಪೂರ್ತಿ ಒಣಗಿಸು. ಒಣಗಿದ ತಕ್ಷಣ ಡೀಸೆಲ್ ಟಾಕಿಯಾದರೆ ಡೀಸೆಲನ್ನೇ ಒಳಗೆಲ್ಲ ಆಡಿಸಿ ತುಂಬಿಸಿಡು. ಪೆಟ್ರೋಲ್ ಟಾಕಿಗೆ ಒಳಲೇಪ ಹಾಕುವುದಿದ್ದರೆ ಎಥನಾಲ್ ತಡೆಯುವ ಲೇಪವೇ ಎಂದು ಡಬ್ಬಿಯ ಮೇಲೆ ಓದಿ ನೋಡು, ಇಲ್ಲದಿದ್ದರೆ ಅದು ಸಿಪ್ಪೆಯಾಗಿ ಬಿದ್ದು ಜಂಗಿಗಿಂತ ಹೆಚ್ಚು ಕಾಡುತ್ತದೆ. ಹೊಡೆದು ನೋಡಿದಲ್ಲೆಲ್ಲ ತಗಡು ತೆಳ್ಳಗಾಗಿದ್ದರೆ ಟಾಕಿಯ ಆಯುಷ್ಯ ಮುಗಿದಿದೆ ಎಂದು ಗಿರಾಕಿಗೆ ನೇರವಾಗಿ ಹೇಳು.

ಇಷ್ಟೆಲ್ಲ ಮಾಡಿದ ಮೇಲೂ ವೆಲ್ಡಿಂಗ್ ಹೊಡೆಯಬಹುದು ಎಂದುಕೊಳ್ಳಬೇಡ. ಮೂಸಿ ನೋಡಿ ವಾಸನೆಯಿಲ್ಲ ಎನ್ನುವುದು ಪರೀಕ್ಷೆಯಲ್ಲ. ದಿನವೆಲ್ಲ ಎಣ್ಣೆಯ ನಡುವೆ ಇರುವ ನಮ್ಮ ಮೂಗು ಆ ವಾಸನೆಗೆ ಒಗ್ಗಿಹೋಗಿರುತ್ತದೆ. ಜಂಗಿನ ಪದರದ ಒಳಗೆ, ತಗಡಿನ ಮಡಿಕೆಯಲ್ಲಿ ಸಿಕ್ಕಿಕೊಂಡ ಎಣ್ಣೆ ತಣ್ಣಗಿರುವಾಗ ಸುಮ್ಮನಿದ್ದು ಬಿಸಿ ತಾಗಿದಾಗ ಆವಿಯಾಗುತ್ತದೆ. ಅನಿಲ ಅಳೆಯುವ ಮೀಟರು ಸೊನ್ನೆ ತೋರಿಸಬೇಕು, ಕೆಲಸ ನಡೆಯುವಾಗಲೂ ತೋರಿಸುತ್ತಿರಬೇಕು. ಒಬ್ಬೊಬ್ಬ ಗ್ಯಾರೇಜಿನವನಿಗೆ ಮೀಟರು ಕೊಳ್ಳುವುದು ಭಾರವಾದರೆ ಹತ್ತು ಗ್ಯಾರೇಜು ಕೂಡಿ ಒಂದು ಕೊಳ್ಳಲಿ. ಸಣ್ಣ ಟಾಕಿಯಾದರೆ ತೂತಿನ ಜಾಗ ಮೇಲೆ ಬರುವಂತೆ ಇಟ್ಟು, ಬೆಸುಗೆಯ ಗೆರೆಯ ಸ್ವಲ್ಪ ಕೆಳಗಿನವರೆಗೂ ನೀರು ತುಂಬಿಸಿ, ಬಾಯಿ ತೆರೆದೇ ಇಟ್ಟು, ಮೇಲೆ ಉಳಿದ ಜಾಗಕ್ಕೆ ನೈಟ್ರೋಜನ್ ಅಥವಾ ಕಾರ್ಬನ್ ಡೈಆಕ್ಸೈಡ್ ಹಾಯಿಸಬೇಕು. ಇಂಜಿನಿನ ಹೊಗೆ ಬಿಟ್ಟರೆ ಸಾಕು ಎನ್ನುವವರ ಮಾತು ಕೇಳಬೇಡ, ಆ ಹೊಗೆಯಲ್ಲಿ ಗಾಳಿಯೂ ಇರುತ್ತದೆ, ಕಿಡಿಯೂ ಇರಬಹುದು. ಸೂಜಿಮೊನೆಯಷ್ಟು ತೂತಿಗೆ ಬೆಂಕಿಯೇ ಬೇಡ, ಎಣ್ಣೆ ತಡೆಯುವ ಎಪಾಕ್ಸಿ ಮೆತ್ತು. ಇದು ನನ್ನೊಬ್ಬನ ಅಂಜಿಕೆಯಲ್ಲ. ಉರಿಯುವ ವಸ್ತು ಇದ್ದ ಟಾಕಿಯಿಂದ ಅದನ್ನೂ ಅದರ ಆವಿಯನ್ನೂ ತೆಗೆಯದೆ ವೆಲ್ಡಿಂಗ್, ಬೆಸುಗೆ, ಕಟಿಂಗ್ ಯಾವುದನ್ನೂ ಮಾಡಕೂಡದು ಎಂದು 1948ರ ಕಾರ್ಖಾನೆ ಕಾಯಿದೆಯ 37ನೇ ಕಲಮೇ ಬರೆದಿತ್ತು.

ದೊಡ್ಡ ಟ್ಯಾಂಕರಿನ ಮಾತೇ ಬೇರೆ. ಅದರೊಳಗೆ ಇಳಿದು ಕೆರೆಯುವಂತೆ ಯಾರೇ ಹೇಳಲಿ, ಎಷ್ಟೇ ಕೊಡುತ್ತೇನೆನ್ನಲಿ, ಇಳಿಯಬೇಡ. ಆವಿಯಷ್ಟೇ ಅಲ್ಲ, ಅಲ್ಲಿ ಉಸಿರಾಡಲು ಗಾಳಿಯೇ ಇರದಿರಬಹುದು. ಮುಚ್ಚಿಟ್ಟ ಟಾಕಿಯಲ್ಲಿ ಜಂಗು ಹಿಡಿಯುತ್ತಿರುವಾಗ ಅದು ಒಳಗಿನ ಆಮ್ಲಜನಕವನ್ನು ತಿನ್ನುತ್ತಲೇ ಇರುತ್ತದೆ. ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಪಾಲು ಇರಬೇಕು. 19.5ಕ್ಕಿಂತ ಇಳಿದರೆ ಅಪಾಯ, 10ರ ಹತ್ತಿರ ಬಂದರೆ ಎಚ್ಚರ ತಪ್ಪುತ್ತದೆ. ಉಸಿರು ಕಟ್ಟಿದಂತೆಯೂ ಅನಿಸದೆ ಕಾಲು ಕುಸಿಯುತ್ತದೆ. ಮೇಲಿದ್ದವನು ಗೆಳೆಯನನ್ನು ಎತ್ತಲು ಧುಮುಕುತ್ತಾನೆ, ಅವನೂ ಅಲ್ಲೇ ಬೀಳುತ್ತಾನೆ. ಅಮೆರಿಕದ ಕೆಲಸಗಾರರ ಸುರಕ್ಷತಾ ಸಂಸ್ಥೆಯೊಂದು 1986ರಲ್ಲಿ ಹೇಳಿದ ಪ್ರಕಾರ ಇಂಥ ಇಕ್ಕಟ್ಟಿನ ಜಾಗದ ಸಾವುಗಳಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಜನ ಕಾಪಾಡಲು ಹೋದವರೇ. ಅಲ್ಲಿ ಇಳಿಯಲು ಗಾಳಿಯ ಪರೀಕ್ಷೆ, ಹೊರಗಿನಿಂದ ಗಾಳಿ ಒದಗಿಸುವ ಮುಖವಾಡ, ಸೊಂಟಕ್ಕೆ ಹಗ್ಗ, ಮೇಲೆ ಹಗ್ಗ ಹಿಡಿದ ಕಾವಲುಗಾರ, 24 ವೋಲ್ಟ್ ಮೀರದ ಕಿಡಿ ಹಾರದ ದೀಪ, ಇಷ್ಟೂ ಬೇಕು. ಇವುಗಳಲ್ಲಿ ಒಂದಿಲ್ಲದಿದ್ದರೂ ಆ ಕೆಲಸ ನಮ್ಮದಲ್ಲ.

ಈಗ ಮನೆಯ ಕಡೆ ಬರೋಣ. ನಮ್ಮ ಊರುಗಳಲ್ಲಿ ಬೇಸಿಗೆ ಬಂತೆಂದರೆ ಮನೆಮನೆಯ ಮುಂದೆ ನೀರಿನ ಡ್ರಮ್ಮು ಸಾಲುಗಟ್ಟುತ್ತವೆ. ಅಗ್ಗಕ್ಕೆ ಸಿಕ್ಕಿತೆಂದು ಎಣ್ಣೆಯ ಬ್ಯಾರಲ್ಲು ತೊಳೆದು ನೀರಿಗಿಡುವವರು, ಜೋಳ ತೊಗರಿ ತುಂಬಿಡುವವರು ಇದ್ದಾರೆ. ನಾನು ಹೇಳಿದಂತೆಯೇ ತೊಳೆದರೂ ಅದು ನೀರಿಗೆ ಆಗದು, ಕಾಳಿಗೂ ಆಗದು. ಇಂಗು ಇದ್ದ ಡಬ್ಬಿ ಎಷ್ಟು ಉಜ್ಜಿದರೂ ಇಂಗಿನ ಡಬ್ಬಿಯೇ. ಪ್ಲಾಸ್ಟಿಕ್ ಕ್ಯಾನಿನ ಗೋಡೆಯಂತೂ ಎಣ್ಣೆಯನ್ನು ತನ್ನೊಳಗೇ ಹೀರಿಕೊಂಡು ದಿನವೂ ಇಷ್ಟಿಷ್ಟೇ ನೀರಿಗೆ ಬಿಡುತ್ತದೆ. ಪೆಟ್ರೋಲಿನಲ್ಲಿರುವ ಬೆಂಜೀನು ಕ್ಯಾನ್ಸರ್ ತರುವ ವಸ್ತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗ್ರಾಮಿನ ಲಕ್ಷದಲ್ಲೊಂದು ಪಾಲು, ಅದು ಕಣ್ಣಿಗೂ ಕಾಣದು, ನಾಲಿಗೆಗೂ ಸಿಗದು. ನೀನು ತೊಳೆದ ಬ್ಯಾರಲ್ಲಿನ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬರೆದು ಕೊಡು: ಎಣ್ಣೆಗೆ ಮಾತ್ರ.

ತೆಗೆದ ಗಸಿಯನ್ನು ಎಲ್ಲಿ ಹಾಕುತ್ತೀ? ರಸ್ತೆಯ ಪಕ್ಕಕ್ಕೆ, ನಾಲೆಗೆ ಎಂದರೆ ನಾನು ಒಪ್ಪುವುದಿಲ್ಲ. ನಮ್ಮ ಜಿಲ್ಲೆಯ ಕೆಂಪು ಮುರಕಲ್ಲಿನ ನೆಲ ನೀರನ್ನು ಎಷ್ಟು ಸಲೀಸಾಗಿ ಕೆಳಗಿಳಿಸುತ್ತದೆ ಎಂಬುದಕ್ಕೆ ಬಹಮನಿ ಕಾಲದ ನೌಬಾದಿನ ಸುರಂಗ ಬಾವಿಯೇ ಸಾಕ್ಷಿ. ಆ ಕಲ್ಲಿನೊಳಗೆ ಜಿನುಗುವ ನೀರನ್ನೇ ಹಿಡಿದು ಊರಿಗೆ ಹರಿಸಿದ್ದರು. ನೀರು ಇಳಿಯುವ ದಾರಿಯಲ್ಲೇ ಎಣ್ಣೆಯೂ ಇಳಿಯುತ್ತದೆ, ಯಾರದೋ ಬಾವಿಗೆ, ಬೋರಿಗೆ ಸೇರುತ್ತದೆ. ಎಣ್ಣೆಯ ಟಾಕಿ ತೊಳೆದ ಗಸಿಯನ್ನೂ ಬಳಸಿದ ಎಣ್ಣೆಯನ್ನೂ 2016ರ ನಿಯಮಗಳು ಅಪಾಯಕಾರಿ ತ್ಯಾಜ್ಯ ಎಂದೇ ಎಣಿಸಿವೆ. ಮುಚ್ಚಳವಿರುವ ಒಂದು ಡ್ರಮ್ಮಿನಲ್ಲಿ ಕೂಡಿಡಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇದ್ದವರಿಗೇ ಕೊಡಿ. ಎಣ್ಣೆ ಒರೆಸಿದ ಬಟ್ಟೆ, ಕಟ್ಟಿಗೆಪುಡಿಯನ್ನೂ ಮೂಲೆಯಲ್ಲಿ ಗುಡ್ಡೆ ಹಾಕಬೇಡಿ.

ಜಂಗು ತೆಗೆಯುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದು ಸುಲಭ. ಊರಿಗೆ ಹೋದಾಗ ನಿನ್ನಪ್ಪನಿಗೆ ಇದನ್ನು ಹೇಳು. ಟ್ರ್ಯಾಕ್ಟರಿನ ಟಾಕಿಯನ್ನು ಬೆಳಿಗ್ಗೆ ತುಂಬಿಸುವ ಬದಲು ಸಂಜೆ ಕೆಲಸ ಮುಗಿದ ಮೇಲೆ ತುಂಬಿಸಿಡಲಿ, ತುಂಬಿದ ಟಾಕಿಯಲ್ಲಿ ರಾತ್ರಿಯ ತೇವಕ್ಕೆ ಜಾಗವಿರುವುದಿಲ್ಲ. ಸೋಯಾ ರಾಶಿಯ ಹಂಗಾಮಿಗೆಂದು ತಂದ ಡೀಸೆಲ್ ಬ್ಯಾರಲ್ಲನ್ನು ಮಳೆಗೆ ನೆಟ್ಟಗೆ ನಿಲ್ಲಿಸಬಾರದು. ಮೇಲಿನ ತಟ್ಟೆಯಲ್ಲಿ ನಿಂತ ನೀರನ್ನು ಅದು ರಾತ್ರಿ ತಣಿದಾಗ ಬಿರಡೆಯ ಸಂದಿಯಿಂದ ಒಳಗೆ ಎಳೆದುಕೊಳ್ಳುತ್ತದೆ. ಸೂರಿನ ಕೆಳಗೆ, ಕಟ್ಟಿಗೆಯ ಮೇಲೆ, ಅಡ್ಡ ಮಲಗಿಸಿ, ಎರಡೂ ಬಿರಡೆ ಒಂದೇ ಮಟ್ಟಕ್ಕೆ ಎಡಬಲದಲ್ಲಿ ಬರುವಂತೆ ಇಡಬೇಕು. ಹೊಸ ಎಣ್ಣೆ ಹಾಕುವ ಮೊದಲು ಹಳೆಯದು ಮುಗಿಯಲಿ, ಸುರಿಯುವಾಗ ಸೋಸಲಿ, ತಿಂಗಳಿಗೊಮ್ಮೆ ತಳದ ನೀರು ಬಸಿಯಲಿ. ಪೆಟ್ರೋಲನ್ನು ಮನೆಯಲ್ಲಿ ಕೂಡಿಡುವುದಂತೂ ಬೇಡವೇ ಬೇಡ. 1934ರ ಪೆಟ್ರೋಲಿಯಂ ಕಾಯಿದೆ ಲೈಸೆನ್ಸ್ ಇಲ್ಲದವನಿಗೆ 30 ಲೀಟರಿನ ಮಿತಿ ಹಾಕಿದೆ, ಅದೂ ಬಿಗಿ ಮುಚ್ಚಳದ, 25 ಲೀಟರ್ ಮೀರದ ಲೋಹದ ಡಬ್ಬದಲ್ಲಿ.

ಕಡೆಯದಾಗಿ ಇನ್ನೊಂದು ಮಾತು. ಹದಿನೆಂಟು ತುಂಬದ ಹುಡುಗನನ್ನು ಉರಿಯುವ ವಸ್ತುಗಳ ಕೆಲಸಕ್ಕೆ ಹಚ್ಚುವುದು 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾನೂನಿನ ಪ್ರಕಾರ ಅಪರಾಧ. ನಿನಗೆ ಹದಿನೆಂಟು ತುಂಬಿದೆ, ಆದರೆ ನಿನ್ನ ಪಕ್ಕದ ಗ್ಯಾರೇಜಿನಲ್ಲಿ ತುಂಬದವನೊಬ್ಬ ಇರಬಹುದು. ಅವನ ಕೈಯಿಂದ ಟಾಕಿ ಕಸಿದುಕೊಳ್ಳುವುದು ದೊಡ್ಡಸ್ತಿಕೆಯಲ್ಲ, ನಿನ್ನ ಪಾಲಿನ ಕರ್ತವ್ಯ. ಗಿರಾಕಿಗೆ ಅವಸರವಿರುತ್ತದೆ, ಮಾಲೀಕನಿಗೆ ಬಾಡಿಗೆಯ ಚಿಂತೆಯಿರುತ್ತದೆ, ಆದರೆ ಟಾಕಿಯ ಮುಂದೆ ಕೂಡುವವನು ನೀನು. “ತೊಳೀದ ಟಾಕಿಗಿ ಬೆಂಕಿ ಹಚ್ಚಂಗಿಲ್ರಿ, ನಾಳಿ ಬರ್ರಿ” ಎನ್ನಲು ಇವತ್ತೇ ಕಲಿ. ಅದರಿಂದ ಒಂದೆರಡು ಗಿರಾಕಿ ಹೋಗಬಹುದು, ಹೋಗಲಿ. ಕಲ್ಯಾಣದ ನೆಲದಲ್ಲಿ ಮಡಿವಾಳ ಮಾಚಿದೇವ ಬಟ್ಟೆ ಒಗೆಯುವುದನ್ನೇ ಕಾಯಕವೆಂದು ತಲೆಯೆತ್ತಿ ನಡೆದವನು. ತೊಳೆಯುವ ಕೆಲಸ ಕೀಳು ಎನ್ನುವ ಮಾತು ಈ ಊರಿನಲ್ಲಿ ನಡೆಯಬಾರದು. ನಾಳೆ ನೀನು ಉಸ್ತಾದನಾಗುತ್ತೀ. ಆಗ ಹೊಸ ಹುಡುಗನಿಗೆ ಚಹಾ ತರಲು ಹೇಳು, ಪಾನಾ ಹುಡುಕಲು ಹೇಳು. ಟಾಕಿಯನ್ನು ಮಾತ್ರ ನೀನೇ ತೊಳೆ, ಅವನು ದೂರ ನಿಂತು ನೋಡಿ ಕಲಿಯಲಿ.